ಬಿಐಎಸ್‌ನ ‘ಸ್ಪೆಷಲಿ ಡಿಸೈನ್ಡ್’ ಡಿಸಿಷನ್ ಟೂಲ್: ಪ್ರಶ್ನೆಗಳ ಕ್ರಮ ಸರಿ, ತೊಡಕಿರುವುದು ಪದಗಳಲ್ಲಿ

ಬಿಡಿಭಾಗವೊಂದು ರಫ್ತು ನಿಯಂತ್ರಣದ ಅರ್ಥದಲ್ಲಿ ‘ಸ್ಪೆಷಲಿ ಡಿಸೈನ್ಡ್’ (ನಿಯಂತ್ರಿತ ವಸ್ತುವಿಗಾಗಿ ವಿಶೇಷವಾಗಿ ವಿನ್ಯಾಸಗೊಳಿಸಿದ್ದು) ಹೌದೋ ಅಲ್ಲವೋ ಎಂದು ತಿಳಿಯಲು ಅಮೆರಿಕದ ವಾಣಿಜ್ಯ ಇಲಾಖೆಯಡಿ ರಫ್ತು ನಿಯಂತ್ರಣ ನೋಡಿಕೊಳ್ಳುವ ಬಿಐಎಸ್ ತನ್ನ ಜಾಲತಾಣದಲ್ಲಿ ಒಂದು ಉಚಿತ ಸಾಧನ ಇಟ್ಟಿದೆ. ಅದು ಒಂದೊಂದೇ ಪ್ರಶ್ನೆ ಕೇಳುತ್ತದೆ, ಹೌದು ಅಥವಾ ಇಲ್ಲ ಎನ್ನಬೇಕು, ಕೊನೆಗೆ ಫಲಿತಾಂಶ ಬರುತ್ತದೆ. ಅಮೆರಿಕದ ರಫ್ತು ನಿಯಮಗಳಾದ ಇಎಆರ್‌ನಡಿ ವರ್ಗೀಕರಣ ಮಾಡುವವರಿಗೆ ಇದು ನಿಜಕ್ಕೂ ಉಪಯುಕ್ತ. ಆದರೆ ಸಾಧನ ಕೊಡುವುದು ಪ್ರಶ್ನೆಗಳ ಕ್ರಮವನ್ನು ಮಾತ್ರ. ಉತ್ತರ ನಿರ್ಧಾರವಾಗುವುದು ನಿಯಮಗಳ 772ನೇ ಭಾಗದ ವ್ಯಾಖ್ಯೆಗಳಲ್ಲಿ. ಅವನ್ನು ಪಕ್ಕದಲ್ಲಿ ಇಟ್ಟುಕೊಳ್ಳದೆ ಉತ್ತರಿಸುತ್ತ ಹೋದರೆ ಐದು ನಿಮಿಷದಲ್ಲಿ ತಪ್ಪು ಫಲಿತಾಂಶ ಕೈಗೆ ಬರುತ್ತದೆ.

ಈ ಪದಕ್ಕೆ ಈಗಿರುವ ವ್ಯಾಖ್ಯೆ ಜಾರಿಗೆ ಬಂದದ್ದು 2013ರ ಅಕ್ಟೋಬರ್ 15ರಂದು. ಅದರ ರಚನೆಯನ್ನು ‘ಮೊದಲು ಹಿಡಿ, ಆಮೇಲೆ ಬಿಡು’ ಎನ್ನಬಹುದು. ಹಿಡಿಯುವ ಪ್ಯಾರಾ ಎ, ಅದರಲ್ಲಿ ಎರಡು ಬಲೆ. ಬಿಡುವ ಪ್ಯಾರಾ ಬಿ, ಅದರಲ್ಲಿ ಆರು ದಾರಿ. ಸಾಧನವೂ ಇದೇ ಅನುಕ್ರಮದಲ್ಲಿ ನಡೆಯುತ್ತದೆ, ಅದೇ ಅದರ ದೊಡ್ಡ ಗುಣ. ‘ನಮ್ಮದು ಮಾಮೂಲಿ ಭಾಗ, ಇದಕ್ಕೇನು ನಿಯಂತ್ರಣ’ ಎಂಬ ಅನಿಸಿಕೆಯಿಂದ ಶುರು ಮಾಡಲು ಅದು ಬಿಡುವುದಿಲ್ಲ.

ಸಾಧನವನ್ನು ತೆರೆಯುವ ಮುಂಚೆ ಎರಡು ಕೆಲಸ ಮುಗಿದಿರಬೇಕು. ಮೊದಲನೆಯದು ಪರಿಶೀಲನೆಯ ಕ್ರಮ, ಇದು 774ನೇ ಭಾಗದ 4ನೇ ಅನುಬಂಧದಲ್ಲಿದೆ. ವಸ್ತು ವಿದೇಶಾಂಗ ಇಲಾಖೆಯ ಯುದ್ಧಸಾಮಗ್ರಿ ಪಟ್ಟಿಯಾದ ಯುಎಸ್‌ಎಂಎಲ್‌ನಲ್ಲಿ ಇದೆಯೇ ಎಂದು ಮೊದಲು ನೋಡಿ, ಅಲ್ಲಿ ಇಲ್ಲವೆಂದಾದ ಮೇಲೆಯೇ ವಾಣಿಜ್ಯ ಪಟ್ಟಿಯಾದ ಸಿಸಿಎಲ್‌ಗೆ, ಅದರಲ್ಲೂ ಮೊದಲು ಮಿಲಿಟರಿ ವಸ್ತುಗಳ 600 ಸರಣಿಗೆ ಬರಬೇಕು. ಎರಡನೆಯದು, ನೀವು ನೋಡುತ್ತಿರುವ ಇಸಿಸಿಎನ್ (ಸಿಸಿಎಲ್‌ನ ವರ್ಗೀಕರಣ ಸಂಖ್ಯೆ) ಪ್ಯಾರಾದಲ್ಲಿ ‘ಸ್ಪೆಷಲಿ ಡಿಸೈನ್ಡ್’ ಎಂಬ ಪದ ಇದೆಯೇ ಎಂದು ಕಣ್ಣಾರೆ ನೋಡುವುದು. ಇಲ್ಲದಿದ್ದರೆ ಈ ಸಾಧನಕ್ಕೆ ಅಲ್ಲಿ ಕೆಲಸವಿಲ್ಲ. ಗೂಢಲಿಪೀಕರಣದ 5ಎ002ರಲ್ಲಿ ಬರುವುದು ‘ಡಿಸೈನ್ಡ್ ಆರ್ ಮಾಡಿಫೈಡ್’ ಎಂಬ ಬೇರೆಯೇ ಮಾತು. ಅದನ್ನು ಈ ಆರು ದಾರಿಗಳಿಂದ ದಾಟಲು ಹೊರಡುವುದು ಆಗಾಗ ಕಾಣುವ ತಪ್ಪು. ಗುರುತು ಹಿಡಿಯುವುದು ಸುಲಭ: ಸಿಸಿಎಲ್‌ನಲ್ಲಿ ಜೋಡಿ ಉದ್ಧರಣ ಚಿಹ್ನೆಯೊಳಗಿನ ಪದಕ್ಕೆ 772ನೇ ಭಾಗದಲ್ಲಿ ವ್ಯಾಖ್ಯೆ ಇರುತ್ತದೆ, ಒಂಟಿ ಚಿಹ್ನೆಯೊಳಗಿನ ಪದದ ಅರ್ಥ ಅದೇ ನಮೂದಿನ ಟಿಪ್ಪಣಿಯಲ್ಲಿರುತ್ತದೆ.

ಇನ್ನು ಸಾಧನದ ಒಳಗೆ. ಎ1ರ ಪ್ರಶ್ನೆ: ಅಭಿವೃದ್ಧಿಯ ಫಲವಾಗಿ, ನಿಯಂತ್ರಿತ ಸಾಮರ್ಥ್ಯವನ್ನು ಮುಟ್ಟಲು ಅಥವಾ ಮೀರಲು ನಿರ್ದಿಷ್ಟವಾಗಿ ಕಾರಣವಾಗುವ ಗುಣ ಈ ವಸ್ತುವಿಗೆ ಇದೆಯೇ? ಎ2ರ ಪ್ರಶ್ನೆ: ಇದು ಪಟ್ಟಿಯಲ್ಲಿರುವ ವಸ್ತುವಿನಲ್ಲಿ ಅಥವಾ ಅದರ ಜೊತೆ ಬಳಸುವ ಭಾಗ, ಘಟಕ, ಪರಿಕರ, ಜೋಡಣೆ ಇಲ್ಲವೇ ಸಾಫ್ಟ್‌ವೇರ್ ಹೌದೇ? ಎ2ರ ಬಲೆ ಬಹಳ ಅಗಲ, ಬೇಕೆಂದೇ ಹಾಗೆ ಮಾಡಿದ್ದು. ಇಲ್ಲಿ ‘ಹೌದು’ ಎಂದು ಒತ್ತಲು ಹಿಂಜರಿಯಬೇಕಾಗಿಲ್ಲ, ಬಿಡುಗಡೆಯ ಚರ್ಚೆ ನಡೆಯುವುದು ಬಿಯಲ್ಲಿ. ಆದರೆ ಬಿ ಪ್ಯಾರಾ ಬಿಡುವುದು ಭಾಗ, ಘಟಕ, ಪರಿಕರ, ಜೋಡಣೆ, ಸಾಫ್ಟ್‌ವೇರ್‌ಗಳನ್ನು ಮಾತ್ರ. ಪೂರ್ಣ ಯಂತ್ರ ಅಥವಾ ಕಚ್ಚಾ ವಸ್ತು ಎ1ರಲ್ಲಿ ಸಿಕ್ಕಿಬಿದ್ದರೆ ಅದಕ್ಕೆ ಆರರಲ್ಲಿ ಒಂದು ದಾರಿಯೂ ತೆರೆಯದು. ಆದ್ದರಿಂದ ‘ಇದು ಘಟಕವೋ, ಪೂರ್ಣ ವಸ್ತುವೋ’ ಎಂಬ ಉತ್ತರವನ್ನು ವ್ಯಾಖ್ಯೆ ಓದದೆ ಕೊಡಬೇಡಿ.

ಬಿ2 ಸರಳ. ಸ್ಕ್ರೂ, ಬೋಲ್ಟ್, ನಟ್, ರಿವೆಟ್, ವಾಷರ್, ಸ್ಪೇಸರ್, ಬುಶಿಂಗ್, ಸ್ಪ್ರಿಂಗ್, ತಂತಿ, ಬೆಸುಗೆ ಇಂಥವು ಯಾವ ಆಕಾರದಲ್ಲಿದ್ದರೂ ಹೊರಗೆ. ಯುದ್ಧವಿಮಾನಕ್ಕೆಂದೇ ಮಾಡಿದ ಬೋಲ್ಟ್ ಕೂಡ ಹೊರಗೆ. ಬೋಲ್ಟ್ ಹಾಕಿ ಜೋಡಿಸಿದ ಬ್ರಾಕೆಟ್‌ಗೆ ಮಾತ್ರ ಈ ರಿಯಾಯಿತಿ ಇಲ್ಲ.

ಬಿ3ರಲ್ಲಿ ನಿಧಾನಿಸಬೇಕು. ಅದು ಕೇಳುವುದು ಇಷ್ಟು: ಕಾರ್ಯ ಮತ್ತು ಕಾರ್ಯಕ್ಷಮತೆ ಒಂದೇ ಆಗಿದ್ದು, ಆಕಾರ ಮತ್ತು ಹೊಂದಿಕೆ ಒಂದೇ ಅಥವಾ ‘ಸಮಾನ’ವಾಗಿರುವ ಇನ್ನೊಂದು ಭಾಗ, ಪಟ್ಟಿಯಲ್ಲಿಲ್ಲದ ಅಥವಾ ಭಯೋತ್ಪಾದನೆ ತಡೆಯ ಕಾರಣಕ್ಕಷ್ಟೇ ನಿಯಂತ್ರಣದಲ್ಲಿರುವ, ‘ಉತ್ಪಾದನೆ’ಯಲ್ಲಿರುವ ಅಥವಾ ಹಿಂದೆ ಇದ್ದ ವಸ್ತುವಿನಲ್ಲಿ ಬಳಕೆಯಲ್ಲಿದೆಯೇ? ನಾಗರಿಕ ವಿಮಾನದಲ್ಲಿ ಈಗಾಗಲೇ ಕೂತಿರುವ ಒಂದು ಅಲ್ಯೂಮಿನಿಯಂ ಬ್ರಾಕೆಟ್ ತೆಗೆದುಕೊಳ್ಳಿ. ಅದನ್ನೇ ಮಿಲಿಟರಿ ವಿಮಾನಕ್ಕೂ ಹಾಕುತ್ತಾರೆ, ಆದರೆ ಚೌಕಟ್ಟಿಗೆ ಕೂರಲೆಂದು ಒಂದು ರಂಧ್ರವನ್ನು ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಸುತ್ತಾರೆ. ಆಕಾರ ಬದಲಾದದ್ದು ಹೊಂದಿಕೆಗಾಗಿ ಮಾತ್ರ, ಹಾಗಾಗಿ ಅದು ‘ಸಮಾನ’. ಮಿಲಿಟರಿ ವಿಮಾನದ ಭಾಗಗಳನ್ನು ಹಿಡಿಯುವ 9ಎ610ರ ಎಕ್ಸ್ ಪ್ಯಾರಾದಿಂದ ಬ್ರಾಕೆಟ್ ಪಾರು. ಅದೇ ಬ್ರಾಕೆಟ್ಟನ್ನು ಹೆಚ್ಚು ಭಾರ ತಾಳಲೆಂದು ಟೈಟಾನಿಯಂನಲ್ಲಿ ಮಾಡಿದರು ಎನ್ನಿ. ವ್ಯಾಖ್ಯೆಯ ಪ್ರಕಾರ ‘ಆಕಾರ’ದೊಳಗೆ ವಸ್ತು ಮತ್ತು ವಸ್ತುವಿನ ಗುಣವೂ ಸೇರಿವೆ. ಬದಲಾವಣೆ ಹೊಂದಿಕೆಗಾಗಿ ಆದದ್ದಲ್ಲ, ಕಾರ್ಯಕ್ಷಮತೆಯೂ ಬೇರೆಯಾಯಿತು. ಬಿ3 ಮುಚ್ಚಿತು. ನಕ್ಷೆ ಪಕ್ಕಪಕ್ಕ ಇಟ್ಟರೆ ಎರಡೂ ಒಂದೇ ಥರ ಕಾಣುತ್ತವೆ, ವ್ಯತ್ಯಾಸ ಇರುವುದು ನಕ್ಷೆಯ ಮೂಲೆಯಲ್ಲಿ ವಸ್ತುವಿನ ಹೆಸರು ಬರೆದ ಚೌಕದಲ್ಲಿ.

ಬಿ3ರಲ್ಲಿ ಬಂದ ‘ಉತ್ಪಾದನೆ’ಯ ಬಗ್ಗೆ ಇನ್ನೊಂದು ಮಾತು. ಬೆಲೆ ಇಳಿಸಲು, ಗುಣಮಟ್ಟ ಸುಧಾರಿಸಲು, ಕೆಟ್ಟುಹೋಗುವ ನಡುವಿನ ಸರಾಸರಿ ಅವಧಿ ಹೆಚ್ಚಿಸಲು ಮಾಡುವ ತಿದ್ದುಪಡಿಗಳಿಂದ ವಸ್ತು ‘ಉತ್ಪಾದನೆ’ಯಿಂದ ಹೊರಬೀಳುವುದಿಲ್ಲ. ಮೂಲ ಸಾಮರ್ಥ್ಯವನ್ನೇ ಬದಲಿಸುವ ಹೊಸ ಮಾದರಿ ಮಾತ್ರ, ಉತ್ಪಾದನೆಗೆ ಬರುವ ತನಕ, ‘ಅಭಿವೃದ್ಧಿ’ಯಲ್ಲೇ ಇರುತ್ತದೆ. ಎಂಜಿನಿಯರಿಂಗ್ ವಿಭಾಗ ‘ಡೆವಲಪ್‌ಮೆಂಟ್’ ಎಂದು ಕರೆಯುವುದೆಲ್ಲ ನಿಯಮದ ‘ಅಭಿವೃದ್ಧಿ’ ಅಲ್ಲ ಎಂಬುದನ್ನು ವರ್ಗೀಕರಣ ಮಾಡುವವರು ಅವರ ಜೊತೆ ಕೂತು ಮೊದಲೇ ಮಾತಾಡಿಕೊಳ್ಳಬೇಕು.

ಬಿ4, ಬಿ5, ಬಿ6 ಮೂರೂ ಭಾಗವನ್ನು ಯಾವ ಅರಿವಿನಿಂದ ಅಭಿವೃದ್ಧಿಪಡಿಸಿದರು ಎಂಬುದರ ಮೇಲೆ ನಿಂತಿವೆ: ನಿಯಂತ್ರಿತ ಮತ್ತು ಅನಿಯಂತ್ರಿತ ಎರಡಕ್ಕೂ ಎಂದೇ, ಯಾವುದೇ ನಿರ್ದಿಷ್ಟ ಬಳಕೆ ಗೊತ್ತಿಲ್ಲದ ಸಾಮಾನ್ಯ ವಸ್ತುವಾಗಿಯೇ, ಅಥವಾ ಇಎಆರ್99ನಂಥ (ಇಎಆರ್‌ನಡಿ ಬಂದರೂ ಸಿಸಿಎಲ್‌ನ ಯಾವ ನಮೂದಿಗೂ ಸೇರದ) ಕೆಳಹಂತದ ವಸ್ತುಗಳಿಗೆ ಎಂದೇ. ಸಾಧನದ ದೊಡ್ಡ ಕೊರತೆ ಇರುವುದು ಇಲ್ಲಿ. ಒಂದು ‘ಹೌದು’ ಒತ್ತಿದರೆ ದಾಟಿಬಿಡಬಹುದು, ಆದರೆ ನಿಯಮ ಕೇಳುವುದು ಅಭಿವೃದ್ಧಿಯ ಕಾಲದ್ದೇ ದಾಖಲೆ: ಪರಿಕಲ್ಪನೆಯ ವಿನ್ಯಾಸ, ಮಾರಾಟದ ಯೋಜನೆ, ಪೇಟೆಂಟ್ ಅರ್ಜಿಯ ಹೇಳಿಕೆ, ಕರಾರುಪತ್ರ. ಅಂಥವು ಇಲ್ಲದಿದ್ದರೆ ಈ ಮೂರೂ ದಾರಿ ಬಂದ್. ಈಗ ಕೂತು ಬರೆದ ಪತ್ರ ಆ ಕಾಲದ ದಾಖಲೆ ಆಗದು. ‘ಅರಿವು’ ಎಂಬ ಪದದಲ್ಲಿ ಖಚಿತವಾಗಿ ಗೊತ್ತಿದ್ದುದಷ್ಟೇ ಅಲ್ಲ, ‘ಹೀಗಿರುವ ಸಾಧ್ಯತೆ ಬಹಳ ಹೆಚ್ಚು’ ಎಂಬ ತಿಳಿವಳಿಕೆಯೂ ಸೇರುತ್ತದೆ. ಹಾಗಾಗಿ ‘ನಮಗೆ ಗ್ರಾಹಕ ಹೇಳಿರಲಿಲ್ಲ’ ಎಂಬುದು ತಾನಾಗಿ ಬಿ5 ಆಗುವುದಿಲ್ಲ.

ಸರ್ಕಾರ ಈ ಭಾಗವನ್ನು ಮೊದಲೇ ಹೊರಗೆಂದು ನಿರ್ಣಯಿಸಿದೆಯೇ ಎಂದು ಕೇಳುವ ಬಿ1ಕ್ಕೂ ಒಂದು ಎಚ್ಚರ ಬೇಕು. ಹಳೆಯ ವರ್ಗೀಕರಣ ಪತ್ರ ಕೈಯಲ್ಲಿದೆ ಎಂದು ‘ಹೌದು’ ಒತ್ತುವವರಿದ್ದಾರೆ. ಇಲ್ಲಿ ನಡೆಯುವುದು ವಿದೇಶಾಂಗ ಇಲಾಖೆಯ ಸಿಜೆ ನಿರ್ಣಯ (ವಸ್ತು ಯಾವ ಇಲಾಖೆಯ ವ್ಯಾಪ್ತಿಗೆ ಬರುತ್ತದೆ ಎಂಬ ತೀರ್ಮಾನ), ಅಥವಾ 748.3ರ ಇ ಪ್ಯಾರಾದಂತೆ ಇಲಾಖೆಗಳ ನಡುವೆ ಒಪ್ಪಿಗೆಯಾದ ವರ್ಗೀಕರಣ ಮಾತ್ರ. ಮಾಮೂಲಿ ವರ್ಗೀಕರಣ ಪತ್ರ ಸಾಲದು.

ಕೊನೆಯ ಪರದೆಯಲ್ಲಿ ‘ಸ್ಪೆಷಲಿ ಡಿಸೈನ್ಡ್ ಅಲ್ಲ’ ಎಂದು ಬಂದರೆ ಹಲವರು ನೇರ ಇಎಆರ್99 ಎಂದು ಬರೆದುಬಿಡುತ್ತಾರೆ. ಸಾಧನ ಹೇಳಿದ್ದು ಆ ಒಂದು ಪ್ಯಾರಾದಿಂದ ಬಿಡುಗಡೆ ಆಯಿತೆಂದು ಮಾತ್ರ. ಮೇಲಿನ ಅಲ್ಯೂಮಿನಿಯಂ ಬ್ರಾಕೆಟ್ 9ಎ610ರಿಂದ ಹೊರಬಂದು ನಾಗರಿಕ ವಿಮಾನದ ಭಾಗವಾಗಿ 9ಎ991ರ ಡಿ ಪ್ಯಾರಾಗೆ ಹೋಗಿ ನಿಲ್ಲುತ್ತದೆ. ಮೊದಲನೆಯದಕ್ಕೆ ಬಹುತೇಕ ಎಲ್ಲ ದೇಶಗಳಿಗೂ ಲೈಸೆನ್ಸ್ ಬೇಕು, ಎರಡನೆಯದಕ್ಕೆ ಹೆಚ್ಚಿನ ದೇಶಗಳಿಗೆ ಸಾಮಾನ್ಯವಾಗಿ ಬೇಡ. ಆದರೂ ಅದು ಇಎಆರ್99 ಅಲ್ಲ. ಪ್ರತಿ ಇಸಿಸಿಎನ್‌ಗೂ ಸಾಧನವನ್ನು ಹೊಸದಾಗಿ ಓಡಿಸಬೇಕು.

ಯುಎಸ್‌ಎಂಎಲ್ ವಸ್ತುಗಳಿಗೆ ಇದನ್ನು ಬಳಸಬೇಡಿ. ಆ ಪಟ್ಟಿಗೆ ಅನ್ವಯಿಸುವ ವಿದೇಶಾಂಗ ಇಲಾಖೆಯ ನಿಯಮಗಳಾದ ಐಟಿಎಆರ್‌ನ 120.41ರಲ್ಲಿ ಪದ ಅದೇ ಇದ್ದರೂ ಬಿಡುವ ದಾರಿಗಳು ಐದೇ, ಹೋಲಿಕೆಯ ನೆಲೆಯೂ ಬೇರೆ.

ಫಲಿತಾಂಶ ಅಧಿಕೃತ ನಿರ್ಣಯವಲ್ಲ. ಅಧಿಕೃತ ಉತ್ತರ ಬೇಕಾದರೆ ಬಿಐಎಸ್‌ನ ಆನ್‌ಲೈನ್ ಅರ್ಜಿ ವ್ಯವಸ್ಥೆಯಾದ ಸ್ನ್ಯಾಪ್-ಆರ್ ಮೂಲಕ ವರ್ಗೀಕರಣದ ಅರ್ಜಿ ಹಾಕಬೇಕು, ಅದಕ್ಕೆ ಶುಲ್ಕವಿಲ್ಲ. ಹಾಗೆ ಹಾಕುವಾಗ ಈ ಸಾಧನದಲ್ಲಿ ಕೊಟ್ಟ ಪ್ರತಿ ಉತ್ತರದ ಎದುರು ಅದಕ್ಕೆ ಆಧಾರವಾದ ನಕ್ಷೆ ಸಂಖ್ಯೆ, ಪರೀಕ್ಷಾ ವರದಿ ಅಥವಾ ಕರಾರಿನ ದಿನಾಂಕ ಬರೆದ ಒಂದು ಹಾಳೆ ಇದ್ದರೆ ಅರ್ಜಿಯ ಅರ್ಧ ಕೆಲಸ ಮುಗಿದಂತೆ. ದಾಖಲೆ ಕಾಪಾಡುವ ಅವಧಿ 5 ವರ್ಷ, ಅದನ್ನು ಎಣಿಸುವುದು ಹಾಳೆ ಬರೆದ ದಿನದಿಂದಲ್ಲ. ಆ ಭಾಗ ರಫ್ತಾಗುತ್ತಿರುವಷ್ಟು ಕಾಲ ಹಾಳೆಯೂ ಕಡತದಲ್ಲಿರಲಿ.