ಗಡಿಯಾರ ಕಲಿಸುವ ಚಿತ್ರಪುಸ್ತಕ ಮತ್ತು ರಟ್ಟಿನ ಕಿಟ್: ಗಂಟೆ ಮುಳ್ಳಿನದೇ ತೊಡಕು

ಎರಡನೇ ತರಗತಿಯಲ್ಲಿರುವ ಮಗಳಿಗಾಗಿ ತುಮಕೂರಿನ ಸ್ಟೇಷನರಿ ಅಂಗಡಿಯೊಂದರಲ್ಲಿ ಕೊಂಡ ಈ ಕಿಟ್‌ನಲ್ಲಿ ಒಂದು ಚಿತ್ರಪುಸ್ತಕ, ಗಡಿಯಾರ ಮಾಡಲು ಬಣ್ಣದ ರಟ್ಟು, ಎರಡು ಮುಳ್ಳು ಹಾಗೂ ಅವನ್ನು ಸೇರಿಸುವ ಪಿನ್ ಇವೆ. ಬೆಲೆ 320 ರೂಪಾಯಿ. ರಟ್ಟು ದಪ್ಪವಾಗಿದ್ದು, ಗೋಂದು ಹಚ್ಚಿದರೂ ಸುರುಟಿಕೊಳ್ಳುವುದಿಲ್ಲ. ಪಿನ್ನಿನ ತುದಿ ಚೂಪಾಗಿರುವುದರಿಂದ ಆ ಕೆಲಸವನ್ನು ಮಾತ್ರ ದೊಡ್ಡವರೇ ಮಾಡಿಕೊಡಬೇಕು.

ಕೊಟ್ಟ ಹಣಕ್ಕೆ ನ್ಯಾಯ ಒದಗಿಸುವುದು ಹನ್ನೆರಡು ಎಸಳಿನ ಹೂವು. ಎಸಳುಗಳ ಮೇಲೆ 1ರಿಂದ 12ರವರೆಗಿನ ಅಂಕಿಗಳಿದ್ದು, ಎತ್ತಿ ನೋಡಿದರೆ ಕೆಳಗೆ 5, 10, 15 ಎಂದು ನಿಮಿಷಗಳು ಕಾಣುತ್ತವೆ. ದೊಡ್ಡ ಮುಳ್ಳು 4ರ ಮೇಲಿದ್ದರೆ 20 ನಿಮಿಷ ಹೇಗಾಯಿತೆಂಬುದು ಮಕ್ಕಳಿಗೆ ಸಾಮಾನ್ಯವಾಗಿ ಬಿಡಿಸಲಾಗದ ಒಗಟು; ಐದರ ಮಗ್ಗಿ ಬಾಯಿಗೆ ಬಂದಿರುವ ಮಗು ಇಲ್ಲಿ ಅದನ್ನು ತಾನೇ ಕಂಡುಕೊಳ್ಳುತ್ತದೆ. ಆದರೆ 12ರ ಎಸಳಿನ ಕೆಳಗೆ 60 ಎಂದು ಅಚ್ಚಾಗಿರುವುದರಿಂದ ನಮ್ಮ ಮಗಳು ನಾಲ್ಕು ಗಂಟೆಯನ್ನು ‘ನಾಲ್ಕು ಗಂಟೆ ಅರವತ್ತು ನಿಮಿಷ’ ಎಂದು ಓದಿದಳು. ಅದರ ಮೇಲೆ ಬಿಳಿ ಕಾಗದ ಅಂಟಿಸಿ ಸೊನ್ನೆ ಬರೆಯಬೇಕಾಯಿತು.

ನಿಜವಾದ ದೋಷವಿರುವುದು ರಟ್ಟಿನ ಗಡಿಯಾರದಲ್ಲಿ. ಗೋಡೆ ಗಡಿಯಾರದೊಳಗೆ ಎರಡೂ ಮುಳ್ಳುಗಳು ಹಲ್ಲುಚಕ್ರಗಳ ಮೂಲಕ ಜೋಡಣೆಯಾಗಿರುತ್ತವೆ. ದೊಡ್ಡದು ಒಂದು ಸುತ್ತು ಮುಗಿಸುವಷ್ಟರಲ್ಲಿ ಚಿಕ್ಕದು 30 ಡಿಗ್ರಿ ಸರಿದಿರುತ್ತದೆ. ಹೀಗಾಗಿ ಮೂರೂವರೆಗೆ ಚಿಕ್ಕ ಮುಳ್ಳು 3 ಮತ್ತು 4ರ ನಡುವೆ ನಿಲ್ಲಬೇಕು. ಈ ಕಿಟ್‌ನಲ್ಲಿ ಮುಳ್ಳುಗಳು ಒಂದನ್ನೊಂದು ಲೆಕ್ಕಿಸದೆ ತಿರುಗುತ್ತವೆ. ಪುಸ್ತಕದ ಮೂರೂವರೆಯ ಚಿತ್ರದಲ್ಲಿಯೂ ಚಿಕ್ಕ ಮುಳ್ಳನ್ನು ನೇರವಾಗಿ 3ರ ಮೇಲೆಯೇ ಇಟ್ಟಿದ್ದಾರೆ, ಇದು ಕ್ಷಮಿಸುವಂಥದ್ದಲ್ಲ. ಹೀಗೆ ಕಲಿತ ಮಗು ಗೋಡೆಯ ಮೇಲೆ ಮೂರೂ ಮುಕ್ಕಾಲಾದಾಗ, ಚಿಕ್ಕ ಮುಳ್ಳು 4ರ ಪಕ್ಕದಲ್ಲಿರುವುದನ್ನು ಕಂಡು ನಾಲ್ಕೂ ಮುಕ್ಕಾಲೆಂದರೆ ತಪ್ಪು ಅದರದ್ದಲ್ಲ. ಕೊಳ್ಳುವವರು ಮನೆಯಲ್ಲಿರುವ ಹಳೆಯ ಗೋಡೆ ಗಡಿಯಾರದ ಸೆಲ್ ತೆಗೆದು, ಹಿಂಬದಿಯ ತಿರುಗಣೆಯನ್ನು ಮಗುವಿನ ಕೈಯಿಂದಲೇ ತಿರುಗಿಸಿ, ಎರಡೂ ಮುಳ್ಳು ಒಟ್ಟಿಗೆ ಸರಿಯುವುದನ್ನು ತೋರಿಸುವುದು ಅವಶ್ಯಕ.

ಚಿತ್ರಗಳು ಅಂದವಾಗಿವೆ, ಹಗಲು-ರಾತ್ರಿಯ ಏಳು ಗಂಟೆಗಳನ್ನು ಸೂರ್ಯ, ಚಂದ್ರರಿಂದ ಬೇರೆ ಮಾಡಿರುವುದು ಸರಳವಾಗಿದೆ. ಆದರೆ ಕಥೆಯ ಹುಡುಗ ರಾತ್ರಿ ಏಳಕ್ಕೇ ಮಲಗುತ್ತಾನೆ! ದೇವರಿಗೆ ದೀಪ ಹಚ್ಚಿ, ಇನ್ನೂ ಮುದ್ದೆಗೆ ಎಸರಿಡುವ ಹೊತ್ತಿಗೆ ಯಾರು ಮಲಗುತ್ತಾರೆಂದು ಮಗಳು ಕೇಳಿದ್ದು ನ್ಯಾಯವಾಗಿಯೇ ಇತ್ತು. ಕೊನೆಯಲ್ಲಿ ಮಗುವೇ ತನ್ನ ದಿನಚರಿ ಬರೆದುಕೊಳ್ಳಲು ಬಿಟ್ಟಿರುವ ಖಾಲಿ ಪುಟದಲ್ಲಿ ಅವಳು ಅಪ್ಪ ಹತ್ತುವ ಬೆಂಗಳೂರು ರೈಲನ್ನು ಬಿಡಿಸಿ, ಪಕ್ಕದಲ್ಲಿ ಮುಳ್ಳುಗಳನ್ನು ಸರಿಯಾಗಿಯೇ ಇಟ್ಟಿದ್ದಾಳೆ. ಅಂಥ ಪುಟ ಒಂದೇ ಇರುವುದು ಜಿಪುಣತನ. ಇನ್ನು ನಾಲ್ಕು ಇದ್ದಿದ್ದರೆ 320 ರೂಪಾಯಿ ಹೆಚ್ಚೆನಿಸುತ್ತಿರಲಿಲ್ಲ.