ಪೈನ್ ತುಂಡು ತೋರಿಸಿ ಮಾರಿದ ಪ್ಲೇನರ್

ಸೆಕೆಂಡ್ ಹ್ಯಾಂಡ್ ತಿಕ್‌ನೆಸ್ ಪ್ಲೇನರ್, ಅಂದರೆ ಹಲಗೆಯನ್ನು ಹೆರೆದು ಎಲ್ಲ ಕಡೆ ಒಂದೇ ದಪ್ಪಕ್ಕೆ ತರುವ ಮಷೀನ್, ಕೊಳ್ಳೋಣ ಅಂತ ನೋಡುತ್ತಿದ್ದೀರಾ? ಅಡ್ವಾನ್ಸ್ ಕಳಿಸುವ ಮೊದಲು ಇದನ್ನೊಮ್ಮೆ ಓದಿಬಿಡಿ. ನಾನು 28,000 ರೂಪಾಯಿ ಕೊಟ್ಟು ತಂದ ಮಷೀನ್ ಕೊನೆಗೆ ನನಗೆ ಹತ್ತಿರ ಹತ್ತಿರ 47,000ಕ್ಕೆ ಬಿತ್ತು. ಅದರ ಮೇಲೆ ಎರಡು ತಿಂಗಳ ಭಾನುವಾರಗಳು ಹೋದವು. ಬಲತೊಡೆಯ ಮೇಲೆ ಒಂದು ಗುರುತು ಬೇರೆ ಉಳಿದಿದೆ.

ಶುರುವಾದದ್ದು ಹಲಸಿನ ಹಲಗೆಗಳಿಂದ. ತೀರ್ಥಹಳ್ಳಿ ಕಡೆಯ ಅಜ್ಜನ ಮನೆ ಬಿಚ್ಚಿದಾಗ ಅಟ್ಟದ ಹದಿನಾರು ಹಲಗೆ ನನ್ನ ಪಾಲಿಗೆ ಬಂದವು. ಒಂದೊಂದೂ ಒಂಬತ್ತು ಇಂಚು ಅಗಲ, ಒಂದೂಕಾಲು ಇಂಚು ದಪ್ಪ. ಮೇಲೆಲ್ಲ ಹೊಗೆ ಹಿಡಿದು ಕಪ್ಪಾಗಿದ್ದವು. ಉಳಿಯಲ್ಲಿ ಒಂಚೂರು ಕೆರೆದರೆ ಒಳಗೆ ಜೇನಿನ ಬಣ್ಣ. ಮೈಸೂರಿನ ಮನೆಗೆ ತಂದು ಊಟದ ಮೇಜು ಮಾಡೋಣ ಅಂದುಕೊಂಡೆ. ಕೈ ತೋಪಡ ಹಿಡಿದು ಎರಡು ಹಲಗೆ ಮುಗಿಸುವಷ್ಟರಲ್ಲಿ ಭುಜ ಬಿದ್ದುಹೋಯಿತು. ಇನ್ನೂ ಹದಿನಾಲ್ಕು ಬಾಕಿ. ಆಗ ಆನ್‌ಲೈನಿನಲ್ಲಿ ಆ ಜಾಹೀರಾತು ಕಣ್ಣಿಗೆ ಬಿತ್ತು.

ಮಷೀನ್ ಇದ್ದದ್ದು ಬೆಂಗಳೂರಿನಲ್ಲಿ, ಒಂದು ಬಾಡಿಗೆ ಗೋಡೌನಿನಲ್ಲಿ. ಮೇಜಿನ ಮೇಲಿಡುವ 13 ಇಂಚಿನ ಪ್ಲೇನರ್. "ಅಮೆರಿಕದಲ್ಲಿದ್ದವರು ವಾಪಸ್ ಬರುವಾಗ ಮನೆ ಸಾಮಾನಿನ ಜೊತೆ ಕಂಟೇನರಿನಲ್ಲಿ ತಂದದ್ದು ಸಾರ್. ನಾಲ್ಕು ಸಲ ಓಡಿಸಿದ್ದರೆ ಹೆಚ್ಚು" ಅಂದ ಮಾರುವಾತ. ಒಂದು ಅಡಿ ಉದ್ದದ ಪೈನ್ ತುಂಡನ್ನು ಒಳಗೆ ಬಿಟ್ಟ. ಪ್ಯಾಕಿಂಗ್ ಪೆಟ್ಟಿಗೆಯ ಮರ ಇರುತ್ತಲ್ಲ, ಅದು. ಆ ಕಡೆಯಿಂದ ಗಾಜಿನ ಹಾಗೆ ನುಣ್ಣಗೆ ಬಂತು. ಆತ ಅದನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ಚಾಚಿದ. ನಾನು ಸವರಿ ನೋಡಿ ಖುಷಿಪಟ್ಟೆ. ಫೋನ್‌ಪೇ ಮಾಡಿದೆ. ಟಾಟಾ ಏಸ್‌ಗೆ 3,500 ಕೊಟ್ಟು ಮೈಸೂರಿಗೆ ತಂದೆ.

ನಾನು ಸವರಿದ್ದು ನಡುಭಾಗವನ್ನು ಮಾತ್ರ. ಎರಡೂ ತುದಿ ಆತನ ಮುಷ್ಟಿಯೊಳಗೇ ಇದ್ದವು. ಇದು ಹೊಳೆದದ್ದು ಮೂರು ವಾರ ಆದಮೇಲೆ.

ಮೊದಲು ಕೈಕೊಟ್ಟಿದ್ದು ಕರೆಂಟ್. ಮಷೀನಿನ ಮೇಲೆ 120 ವೋಲ್ಟ್, 15 ಆಂಪ್ ಅಂತ ಬರೆದಿತ್ತು. ನಮ್ಮದು 230 ವೋಲ್ಟ್. ಅದಕ್ಕೇ ಆತ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಜೊತೆಗೆ ಕೊಟ್ಟಿದ್ದ. ಅದರ ಮೇಲೆ 1,500 ವಿಎ ಅಂತಿತ್ತು, ಅಂದರೆ ವೋಲ್ಟನ್ನು ಆಂಪಿನಿಂದ ಗುಣಿಸಿದರೆ ಬರುವ ಲೆಕ್ಕದಲ್ಲಿ ಅಷ್ಟನ್ನು ಮಾತ್ರ ತಾಳುತ್ತದೆ. ಹದಿನೈದನ್ನು ನೂರ ಇಪ್ಪತ್ತರಿಂದ ಗುಣಿಸಿ, 1,800 ಆಗುತ್ತದೆ. ಶಾಲೆ ಮಕ್ಕಳ ಲೆಕ್ಕ, ನಾನು ಮಾಡಲಿಲ್ಲ. ಎರಡನೇ ಹಲಗೆಗೆ ಡಬ್ಬದಿಂದ ಸುಟ್ಟ ವಾರ್ನಿಷ್ ವಾಸನೆ ಬಂತು, ಮೂರನೆಯದಕ್ಕೆ ಹೊಗೆ. ಹಲಗೆ ಸಿಕ್ಕಿಕೊಂಡಾಗ ಮೋಟರ್ ಇನ್ನೂ ಜಾಸ್ತಿ ಕರೆಂಟ್ ಎಳೆಯುತ್ತದೆ, ಹಾಗಾಗಿ 1,800 ಅಂದರೆ 1,800ಕ್ಕೇ ಹೊಂದಿಸಿದರೆ ಸಾಲದು. 3,000 ವಿಎದ ಹೊಸದಕ್ಕೆ 9,500 ರೂಪಾಯಿ ಕೊಟ್ಟೆ. ಅದನ್ನೂ 16 ಆಂಪಿನ ಸಾಕೆಟ್ಟಿಗೇ ಹಾಕಬೇಕು. ಮೊಬೈಲ್ ಚಾರ್ಜ್ ಮಾಡುವ 6 ಆಂಪಿನ ಸಾಕೆಟ್ಟಿಗೆ, ತೆಳ್ಳನೆ ಎಕ್ಸ್‌ಟೆನ್ಷನ್ ವೈರಿಗೆ ಹಾಕಬೇಡಿ. ಇನ್ನೊಂದು ವಿಷಯ: ಈ ಟ್ರಾನ್ಸ್‌ಫಾರ್ಮರುಗಳು ಹೆಚ್ಚಿನವು ವೋಲ್ಟೇಜ್ ಇಳಿಸುತ್ತವೆಯೇ ಹೊರತು ನಮ್ಮನ್ನು ಮೇನ್ಸ್‌ನಿಂದ ಬೇರೆ ಮಾಡುವುದಿಲ್ಲ. ಅರ್ಥಿಂಗ್ ಸರಿಯಿಲ್ಲದಿದ್ದರೆ ಮಷೀನಿನ ಮೈ ಜುಂ ಅನ್ನುತ್ತದೆ. ನನಗೆ ಅಂದಿದೆ.

ಆದರೆ ಒಂದು ಮಾತು ಆತ ಸರಿಯಾಗಿಯೇ ಹೇಳಿದ್ದ. ಅಲ್ಲಿನ 60 ಹರ್ಟ್ಸ್, ಇಲ್ಲಿನ 50 ಹರ್ಟ್ಸ್ ವ್ಯತ್ಯಾಸ ಇಂಥ ಕಾರ್ಬನ್ ಬ್ರಷ್ ಇರುವ ಮೋಟರಿಗೆ ಲೆಕ್ಕಕ್ಕಿಲ್ಲ. ಅದೊಂದು ನಿಜ ಹೇಳಿದ್ದಕ್ಕೇ ಉಳಿದದ್ದನ್ನೂ ನಂಬಿಬಿಟ್ಟೆನೇನೋ.

ಕರೆಂಟ್ ಸರಿಹೋದ ಮೇಲೆ ಮೊದಲ ಪೂರ್ತಿ ಹಲಗೆ ಬಿಟ್ಟೆ. ಹೊರಗೆ ಬಂದದ್ದನ್ನು ಕಿಟಕಿ ಬೆಳಕಿಗೆ ಅಡ್ಡ ಹಿಡಿದು ನೋಡಿದರೆ ಎರಡೂ ತುದಿಯಲ್ಲಿ ಮೂರು ಮೂರು ಇಂಚು ತಗ್ಗು. ಇದಕ್ಕೆ ಸ್ನೈಪ್ ಅನ್ನುತ್ತಾರೆ. ಬ್ಲೇಡಿನ ಆಚೆ ಈಚೆ ಹಲಗೆಯನ್ನು ಒತ್ತಿ ಎಳೆಯುವ ಒಂದೊಂದು ರೋಲರ್ ಇರುತ್ತದೆ. ಹಲಗೆಯ ಮೂತಿ ಒಳಗೆ ಹೋದಾಗ ಒಂದೇ ರೋಲರ್ ಹಿಡಿದಿರುತ್ತದೆ. ಎರಡನೇ ರೋಲರಿಗೆ ಸಿಗುವ ತನಕ ಹಲಗೆ ಕೂದಲೆಳೆಯಷ್ಟು ಮೇಲಕ್ಕೇಳುತ್ತದೆ, ಬ್ಲೇಡ್ ಅಲ್ಲಿ ಜಾಸ್ತಿ ತಿನ್ನುತ್ತದೆ. ಬಾಲ ಹೊರಗೆ ಬರುವಾಗಲೂ ಅದೇ ಕಥೆ. ಚಿಕ್ಕ ಪ್ಲೇನರುಗಳಲ್ಲಿ ಸ್ವಲ್ಪ ಸ್ನೈಪ್ ಇದ್ದದ್ದೇ. ನನ್ನದರಲ್ಲಿ ಬೆರಳಿಟ್ಟರೆ ಮೆಟ್ಟಿಲು ಇಳಿದ ಹಾಗಿತ್ತು.

ಇದು ಸಾಕಷ್ಟು ಮಟ್ಟಿಗೆ ಸರಿಹೋಯಿತು. ನಾಲ್ಕಡಿಯ ಅಲ್ಯೂಮಿನಿಯಂ ಸೆಕ್ಷನ್ ಒಂದನ್ನು ಹಲಗೆ ಜಾರುವ ಬೆಡ್ ಮೇಲಿಟ್ಟು ನೋಡಿದೆ. ಎರಡೂ ಪಕ್ಕದ ಮಡಚುವ ಮೇಜುಗಳು ಹೊರಗಡೆಗೆ ಜೋತುಬಿದ್ದಿದ್ದವು. ಅವುಗಳ ಕೆಳಗಿನ ಬೋಲ್ಟ್ ತಿರುಗಿಸಿ, ಹೊರ ತುದಿ ಬೆಡ್‌ಗಿಂತ ಎರಡು ಮೂರು ವಿಸಿಟಿಂಗ್ ಕಾರ್ಡಿನಷ್ಟು ಎತ್ತರ ಇರುವ ಹಾಗೆ ಮಾಡಿದೆ. ಬೆಡ್ಡಿಗೆ ಮೇಣದಬತ್ತಿ ಉಜ್ಜಿ ಬಟ್ಟೆಯಲ್ಲಿ ತಿಕ್ಕಿದೆ. ರಬ್ಬರ್ ರೋಲರುಗಳು ಧೂಳು ಹಿಡಿದು ಮಿರಿಮಿರಿ ಅನ್ನುತ್ತಿದ್ದವು, ಸ್ಪಿರಿಟ್ ಹಾಕಿ ಒರೆಸಿದೆ. ಟರ್ಪೆಂಟೈನ್ ಬೇಡ, ರಬ್ಬರ್ ಹಾಳಾಗುತ್ತದೆ. ತಗ್ಗು ಮುಕ್ಕಾಲು ಭಾಗ ಹೋಯಿತು. ಉಳಿದದ್ದಕ್ಕೆ ಹಲಗೆಯನ್ನೇ ಆ ಕಡೆ ಈ ಕಡೆ ಮೂರು ಮೂರು ಇಂಚು ಉದ್ದ ಬಿಟ್ಟು ಕೊನೆಗೆ ಕತ್ತರಿಸಿದೆ.

ದಪ್ಪ ಅಳೆದಾಗ ಮಾತ್ರ ಎದೆ ಝಲ್ಲೆಂದಿತು. ವರ್ನಿಯರ್ ಇಟ್ಟರೆ ಎಡಗಡೆ 25.0 ಮಿಲಿಮೀಟರ್, ಬಲಗಡೆ 25.8. ಒಂಬತ್ತು ಇಂಚು ಅಗಲದಲ್ಲಿ 0.8 ವ್ಯತ್ಯಾಸ! ಹೀಗಿರುವ ಹಲಗೆಗಳನ್ನು ಅಂಟಿಸಿದರೆ ಮೇಜು ಆಗುವುದಿಲ್ಲ, ಹೆಂಚಿನ ಮಾಡು ಆಗುತ್ತದೆ. ಮಷೀನ್ ಮಗುಚಿ ತಳ ನೋಡಿದೆ. ಬ್ಲೇಡ್ ಇರುವ ತಲೆಯನ್ನು ಮೇಲೆ ಕೆಳಗೆ ಮಾಡುವ ಎರಡು ಸ್ಕ್ರೂಗಳನ್ನು ಸೈಕಲ್ ಚೈನಿನಂಥ ಒಂದು ಚೈನ್ ಜೋಡಿಸಿರುತ್ತದೆ. ಯಾರೋ ಮಷೀನನ್ನು ಬೀಳಿಸಿದ್ದಾರೆ, ಇಲ್ಲವೇ ತಲೆ ಹಿಡಿದು ಎತ್ತಿದ್ದಾರೆ. ಚೈನ್ ಹಲ್ಲು ಹಾರಿದೆ. ನನ್ನ ಮಷೀನಿನಲ್ಲಿ ಸ್ಕ್ರೂ ಒಂದು ಸುತ್ತು ತಿರುಗಿದರೆ ತಲೆ ಅರ್ಧ ನೂಲು, ಅಂದರೆ 1.6 ಮಿಲಿಮೀಟರ್ ಚಲಿಸುತ್ತದೆ. ಚೈನ್ ಕೂರುವ ಚಕ್ರಕ್ಕೆ ಹತ್ತು ಹಲ್ಲು. ಒಂದು ಹಲ್ಲು ದಾಟಿಸಿದರೆ 0.16. ಸ್ಕ್ರೂಗಳು ಹಲಗೆಯ ಅಂಚಿಗಿಂತ ಆಚೆ ಇರುವುದರಿಂದ ಐದು ಹಲ್ಲಲ್ಲ, ಏಳು ದಾಟಿಸಬೇಕಾಯಿತು. ಚೈನ್ ಸಡಿಲಿಸು, ಏರಿಸು, ಮಗುಚು, ಒಂದು ಹಲಗೆ ಓಡಿಸು, ಅಳೆ. 40 ಕೆಜಿಯ ಮಷೀನ್. ಒಂದು ಇಡೀ ಭಾನುವಾರ ಇದರಲ್ಲೇ ಹೋಯಿತು.

ಇಷ್ಟಾದರೂ ಬ್ಲೇಡಿನ ಕಥೆಯ ಮುಂದೆ ಇದೆಲ್ಲ ಏನೂ ಅಲ್ಲ.

ಹಳೇ ಮನೆಯ ಮರ ಅಂದರೆ ಮೊಳೆ ಇದ್ದೇ ಇರುತ್ತದೆ. ಹಳೇ ಸ್ಪೀಕರಿನ ಅಯಸ್ಕಾಂತಕ್ಕೆ ದಾರ ಕಟ್ಟಿ ಪ್ರತಿ ಹಲಗೆಯ ಮೇಲೂ ಓಡಾಡಿಸಿದ್ದೆ. ಹನ್ನೊಂದು ಮೊಳೆ ಕಿತ್ತೆ. ಹನ್ನೆರಡನೆಯದಕ್ಕೆ ತಲೆ ಇರಲಿಲ್ಲ, ಮರದೊಳಗೆ ಒಂದು ನೂಲು ಆಳದಲ್ಲಿ ಮುರಿದು ಕೂತಿತ್ತು. ಮೂರು ಮಿಲಿಮೀಟರ್ ತೆಗೆದು, ಇನ್ನೇನು ಆಯಿತು ಅನ್ನುವಾಗ ಠಣ್ ಅಂತ ಸದ್ದು, ಒಂದು ಕಿಡಿ. ಆಮೇಲೆ ಓಡಿಸಿದ ಪ್ರತಿ ಹಲಗೆಯ ಮೇಲೂ ಉದ್ದಕ್ಕೆ ಒಂದು ಏಣು. ಬ್ಲೇಡುಗಳ ಒಂದೇ ಜಾಗ ಹಲ್ಲು ಬಿದ್ದಿತ್ತು.

ಇಂಥ ಬ್ಲೇಡಿಗೆ ಎರಡು ಅಂಚು ಇರುತ್ತದೆ, ತಿರುಗಿಸಿ ಹಾಕಬಹುದು. ತಿರುಗಿಸಲು ಬಿಚ್ಚಿದೆ. ಇನ್ನೊಂದು ಅಂಚು ಮೊದಲೇ ಸವೆದು ಹೋಗಿತ್ತು! ನಾಲ್ಕು ಸಲ ಓಡಿಸಿದ ಮಷೀನಂತೆ. ಬೆಂಗಳೂರಿಗೆ ಹೋಗಿ ಹಾರ್ಡ್‌ವೇರ್ ಅಂಗಡಿಗಳಿರುವ ಎಸ್‌ಜೆಪಿ ರೋಡಿನಲ್ಲಿ ಅರ್ಧ ದಿನ ಅಲೆದೆ. ಉದ್ದ ಸರಿಯಿದ್ದರೆ ತೂತಿನ ಅಂತರ ಬೇರೆ, ತೂತು ಸರಿಯಿದ್ದರೆ ಅಗಲ ಬೇರೆ. ಒಬ್ಬರು, "ಯಾಕೆ ಸಾರ್ ಹೊಸದು, ಸಾಣೆ ಹಿಡಿಸಿ" ಅಂದರು. ಹಿಡಿಸಿದೆ, 800 ರೂಪಾಯಿ. ಇದೇ ನನ್ನ ದೊಡ್ಡ ತಪ್ಪು. ಇವು ಸಾಣೆ ಹಿಡಿಯುವ ಬ್ಲೇಡಲ್ಲ. ತೂತುಗಳು ಪಿನ್ನಿನ ಮೇಲೆ ಕೂರುತ್ತವೆ, ಹಾಗಾಗಿ ಅಂಚು ಸವೆದಷ್ಟು ಬ್ಲೇಡ್ ಒಳಗೆ ಸರಿಯಿತು ಅಂತಲೇ ಲೆಕ್ಕ. ಹೊರಗೆ ಎಳೆದು ಹೊಂದಿಸಲು ಜಾಗವಿಲ್ಲ. ಒಂದು ಬ್ಲೇಡ್ ಇನ್ನೊಂದಕ್ಕಿಂತ ಕಾಲು ಮಿಲಿಮೀಟರ್ ಕಮ್ಮಿ ಆಗಿತ್ತು. ಅಂದರೆ ಕೆಲಸ ಮಾಡುವುದು ಉದ್ದದ್ದು ಮಾತ್ರ. ನಿಮಿಷಕ್ಕೆ 8,000ಕ್ಕೂ ಜಾಸ್ತಿ ಸುತ್ತುವ ತಲೆ ಅದು, ತೂಕ ತಪ್ಪಿದರೆ ಕೇಳಬೇಕಾ? ಮಷೀನ್ ಮೇಜಿನ ಮೇಲೆ ತಾನೇ ನಡೆಯಲು ಶುರುಮಾಡಿತು. ಹಲಗೆಯ ಮೇಲೆ ಒಗೆಯುವ ಕಲ್ಲಿನ ಹಾಗೆ ಗೆರೆಗೆರೆ. ತಕ್ಷಣ ನಿಲ್ಲಿಸಿದೆ.

ಕೊನೆಗೆ ಡಲ್ಲಾಸಿನಲ್ಲಿರುವ ಅಕ್ಕನ ಮಗ ರಜಕ್ಕೆ ಬರುವಾಗ ಸೂಟ್‌ಕೇಸಿನಲ್ಲಿ ಒಂದು ಜೊತೆ ತಂದ, 5,000 ರೂಪಾಯಿ. "ಮಾಮಾ, ಉಪ್ಪಿನಕಾಯಿ ಉಲ್ಟಾ ಹೋದಂಗಾಯ್ತು" ಅಂತ ನಕ್ಕ. ಅವು ಬರುವ ತನಕ ಐದು ವಾರ ಮಷೀನ್ ಸುಮ್ನೆ ಕೂತಿತ್ತು. ಹೊಸ ಬ್ಲೇಡ್ ಹಾಕುವಾಗ ಪ್ಲಗ್ ಕಿತ್ತಿಡಿ, ಸ್ವಿಚ್ ಆಫ್ ಮಾಡಿದರೆ ಸಾಲದು. ಬ್ಲೇಡ್ ಕೂರುವ ಜಾಗದ ಹೊಟ್ಟನ್ನೆಲ್ಲ ಬ್ರಷ್ ಹಾಕಿ ತೆಗೆಯಿರಿ, ಅಡಿಯಲ್ಲಿ ಒಂದು ಚೂರು ಉಳಿದರೂ ಬ್ಲೇಡ್ ಅಲ್ಲಿ ಎದ್ದು ನಿಲ್ಲುತ್ತದೆ. ಎಲ್ಲ ಸ್ಕ್ರೂ ಒಮ್ಮೆ ಬಿಗಿ ಮಾಡಿ, ಮತ್ತೆ ಮೊದಲಿನಿಂದ ಇನ್ನೊಮ್ಮೆ. ನಿಮ್ಮ ಬ್ಲೇಡಿನ ತೂತು ಉದ್ದುದ್ದ ಇದ್ದರೆ ಒಂದು ಅನುಕೂಲ ಇದೆ: ಮೊಳೆಗೆ ಹಲ್ಲು ಬಿದ್ದಾಗ ಒಂದು ಬ್ಲೇಡನ್ನು ಒಂದು ಮಿಲಿಮೀಟರ್ ಪಕ್ಕಕ್ಕೆ ಸರಿಸಿದರೆ ಏಣು ಮಾಯವಾಗುತ್ತದೆ.

ತೊಡೆಯ ಗುರುತು ನನ್ನದೇ ಕೊಡುಗೆ, ಮಾರಿದವನ ಮೇಲೆ ಹಾಕುವಂತಿಲ್ಲ. ಏಳು ಇಂಚಿನ ತುಂಡೊಂದು ಉಳಿದಿತ್ತು. ಬಿಸಾಡಲು ಮನಸ್ಸಾಗದೆ ಒಳಗೆ ಬಿಟ್ಟೆ. ಎರಡು ರೋಲರಿನ ನಡುವೆ ಅದು ಅಡ್ಡ ತಿರುಗಿತು. ಬಂದೂಕಿನ ಗುಂಡಿನ ಹಾಗೆ ವಾಪಸ್ ಬಂತು. ಒಂದು ಅಡಿಗಿಂತ ಚಿಕ್ಕದು ಬೇಡವೇ ಬೇಡ. ಮಷೀನಿನ ಬಾಯಿಯ ನೇರಕ್ಕೆ ನಿಲ್ಲಲೂ ಬೇಡಿ, ಪಕ್ಕಕ್ಕೆ ನಿಲ್ಲಿ. ಕಿವಿಗೆ ಮಫ್, ಮೂಗಿಗೆ ಮಾಸ್ಕ್, ಕಣ್ಣಿಗೆ ಕನ್ನಡಕ ಹೇಗೂ ಬೇಕು. ಪಕ್ಕದ ಮನೆಯವರಿಗೂ ಮೊದಲೇ ಹೇಳಿಬಿಡಿ, ಇದರ ಕಿರುಚಾಟ ಮಿಕ್ಸಿಯ ಅಪ್ಪ.

ಇದೆಲ್ಲ ಮುಗಿದ ಮೇಲೂ ಹಲಗೆ ನೇರ ಬರಲಿಲ್ಲ ಅಂದರೆ ನಂಬುತ್ತೀರಾ? ದಪ್ಪ ಎಲ್ಲ ಕಡೆ ಒಂದೇ, ಆದರೆ ಮೊದಲಿದ್ದ ತಿರುಚು ಹಾಗೆಯೇ ಇದೆ. ಊರಿನ ಆಚಾರ್‍ರಿಗೆ ಫೋನ್ ಮಾಡಿದರೆ ಬಿದ್ದು ಬಿದ್ದು ನಕ್ಕರು. "ಮಾರಾಯ್ರೆ, ರೋಲರ್ ಒತ್ತಿದಾಗ ಹಲಗೆ ಮಲಗ್ತದೆ, ಬಿಟ್ಟ ಮೇಲೆ ಮತ್ತೆ ಏಳ್ತದೆ. ಮೊದಲು ಒಂದು ಮುಖ ನೇರ ಮಾಡ್ಕೊಳಿ." ಅದಕ್ಕೆ ಬೇರೆ ಮಷೀನ್ ಬೇಕು, ಜಾಯಿಂಟರ್. ಇಲ್ಲದವರು ಉದ್ದದ ಪ್ಲೈವುಡ್ ಮೇಲೆ ಹಲಗೆಯಿಟ್ಟು, ಅಲುಗುವ ಮೂಲೆಗಳ ಕೆಳಗೆ ಚೆಕ್ಕೆ ಕೊಟ್ಟು, ಗ್ಲೂ ಗನ್ನಿನಲ್ಲಿ ಅಂಟಿಸಿ, ಪ್ಲೈವುಡ್ ಸಮೇತ ಒಳಗೆ ಬಿಡಬೇಕು. ಮೇಲಿನ ಮುಖ ನೇರ ಆದಮೇಲೆ ಮಗುಚಿ ಇನ್ನೊಂದು ಮುಖ. ನಾನು ಹಾಗೆಯೇ ಮಾಡಿದೆ. ಒಂದು ಸಲಕ್ಕೆ ಅರ್ಧ ಮಿಲಿಮೀಟರಿಗಿಂತ ಜಾಸ್ತಿ ತೆಗೆಯಲಿಲ್ಲ.

ಒಂದೇ ಮೇಜಿಗೆ ಇಷ್ಟೆಲ್ಲ ಬೇಡ. ಹತ್ತಿರದ ಸಾಮಿಲ್‌ಗೆ ಹೋಗಿ, ಬೀಡುಕಬ್ಬಿಣದ ದೊಡ್ಡ ಮಷೀನಿನಲ್ಲಿ ಒಂದು ಬೆಳಗ್ಗೆಯಲ್ಲಿ ಮುಗಿಸಿಕೊಡುತ್ತಾರೆ. ಮೊಳೆ ಸಿಕ್ಕರೆ ಬೈಯುತ್ತಾರೆ, ಬೈಸಿಕೊಳ್ಳಿ, ಅಗ್ಗ. ಕೊಳ್ಳಲೇಬೇಕು ಅಂದರೆ ನಮ್ಮ ಕರೆಂಟಿಗೇ ಮಾಡಿದ್ದನ್ನು ನೋಡಿ. ಮಕಿಟಾದ 2012ಎನ್‌ಬಿ ಥರದ್ದು: 304 ಮಿಲಿಮೀಟರ್ ಅಗಲ, 1,650 ವಾಟ್. ಅಂಗಡಿಯಲ್ಲಿ ಮೊದಲು ಬ್ಲೇಡ್ ಕೇಳಿ. ಬ್ಲೇಡ್ ಇದೆ ಅಂದರೆ ಮಾತ್ರ ಮಷೀನಿನ ಬೆಲೆ ಕೇಳಿ. ಹಳೆಯದಾದರೆ ಹೋಗುವಾಗ ಮೂರು ಅಡಿಯ ಗಟ್ಟಿ ಮರದ ಹಲಗೆ, ಒಂದು ವರ್ನಿಯರ್, ಒಂದು ಟಾರ್ಚ್ ತಗೊಂಡು ಹೋಗಿ. ಹೊನ್ನೆ ಆದೀತು, ಮತ್ತಿ ಆದೀತು. ಅಗಲವಾದದ್ದನ್ನೇ ಓಡಿಸಿ, ನಾಲ್ಕೂ ಮೂಲೆ ಅಳೆಯಿರಿ, ತುದಿಗೆ ಟಾರ್ಚನ್ನು ಅಡ್ಡ ಹಿಡಿಯಿರಿ.

ಮೊನ್ನೆ ಅದೇ ನಂಬರಿನಿಂದ ಇನ್ನೊಂದು ಪ್ಲೇನರಿನ ಜಾಹೀರಾತು ಬಂದಿದೆ. ಫೋಟೋದಲ್ಲಿ ಮಷೀನಿನ ಪಕ್ಕ ಒಬ್ಬರು ಪೈನ್ ತುಂಡು ಹಿಡಿದು ನಿಂತಿದ್ದಾರೆ. ಎರಡೂ ತುದಿ ಮುಷ್ಟಿಯೊಳಗೆ.