ಎಪಾಕ್ಸಿ ಹಪ್ಪಳವಾಯಿತು, ಅಲ್ಯುಮಿನಾ ಗಾರೆ ಉಳಿಯಿತು

ಆಮ್ಲ ತಿನ್ನುವ ಒಳಚರಂಡಿ ಪೈಪಿನ ಒಳಮೈಗೆ ಎಪಾಕ್ಸಿ ಎಂಬ ರಾಳದ ಲೇಪನವೋ, ಹೈ ಅಲ್ಯುಮಿನಾ ಸಿಮೆಂಟಿನ ಗಾರೆಯೋ ಎಂದರೆ ನನ್ನ ಒಲವು ಗಾರೆಯ ಕಡೆಗೆ. ಎಪಾಕ್ಸಿಗೆ ಖಾತರಿ ಬರೆದುಕೊಟ್ಟು ಕೈಸುಟ್ಟುಕೊಂಡ ಗುತ್ತಿಗೆದಾರನ ಮಾತು ಇದು.

ಬೆಂಗಳೂರಿನ ಹೊರವಲಯದ ಒಂದು ಬಡಾವಣೆ. ಪಂಪಿನಿಂದ ಬಂದ ಕೊಳಚೆ ಮ್ಯಾನ್‌ಹೋಲಿಗೆ ಧುಮುಕಿ, ಆಳು ಬಗ್ಗಿ ನಡೆಯುವಷ್ಟು ದೊಡ್ಡ ಹ್ಯೂಮ್ ಪೈಪಿಗೆ, ಅಂದರೆ ಕಾಂಕ್ರೀಟಿನ ಪೈಪಿಗೆ, ಇಳಿಯುತ್ತದೆ. ಪೈಪಿನ ತಳ ಹೊಸದರಂತೆಯೇ ಇತ್ತು. ನೆತ್ತಿ ಮಾತ್ರ ನೆನೆದ ಸುಣ್ಣದ ಮುದ್ದೆ, ಅಲ್ಲಲ್ಲಿ ಕಂಬಿ ಕಾಣುತ್ತಿತ್ತು. ಗಾಳಿಯಾಡದ ಕೊಳಚೆಯಲ್ಲಿ ಹುಟ್ಟಿದ ಹೈಡ್ರೋಜನ್ ಸಲ್ಫೈಡ್ ನೀರು ಧುಮುಕುವಲ್ಲಿ ಮೇಲೇಳುತ್ತದೆ. ಒದ್ದೆ ನೆತ್ತಿಗೆ ಅಂಟಿಕೊಂಡ ಬ್ಯಾಕ್ಟೀರಿಯಾಗಳು ಅದನ್ನು ಗಂಧಕಾಮ್ಲ ಮಾಡುತ್ತವೆ. ಕಾಂಕ್ರೀಟು ಜಿಪ್ಸಮ್ ಆಗಿ ಉದುರುತ್ತದೆ. ಮೆಲ್ಬರ್ನಿನ ಪಾರ್ಕರ್ ಎಂಬ ವಿಜ್ಞಾನಿ 1945ರಲ್ಲೇ ಈ ಜೀವಿಗಳ ಕೈವಾಡವನ್ನು ತೋರಿಸಿದ್ದರು. ಅಂಗಡಿಯವರು ಸಲ್ಫೇಟ್ ನಿರೋಧಕ ಸಿಮೆಂಟ್ ಸಾಕು ಎಂದರು. ಅದು ತಡೆಯುವುದು ಸಲ್ಫೇಟನ್ನು, ಆಮ್ಲವನ್ನಲ್ಲ.

ಹನ್ನೆರಡು ಪೈಪುಗಳಿಗೂ ಎಪಾಕ್ಸಿ ಬಳಿಯುವುದೆಂದು ಹೊರಟಿದ್ದೆ. ಆರು ಮುಗಿಯುವಷ್ಟರಲ್ಲಿ ಮಾಲು ತಡವಾಯಿತು. ಕೊಳಚೆಯನ್ನು ಬೇರೆ ಕಡೆಗೆ ತಿರುಗಿಸಲು ಸಿಕ್ಕಿದ್ದು ಕೆಲವೇ ರಾತ್ರಿಗಳು. ಪೀಣ್ಯದಲ್ಲಿ ಕುಲುಮೆಯ ಸಾಮಗ್ರಿ ಮಾರುವವರಿಂದ ಅಲ್ಯುಮಿನಾ ಸಿಮೆಂಟ್ ತಂದು ಉಳಿದ ಆರಕ್ಕೆ ಗಾರೆ ಮೆತ್ತಿಸಿದೆ. ಹೀಗೆ ಹೋಲಿಕೆ ತಾನಾಗಿ ಒದಗಿತು.

ಎಪಾಕ್ಸಿಯ ತಕರಾರು ಒಂದೇ: ತೇವ. ಡಬ್ಬದ ಮೇಲೆ ‘ಒಣ ಮೇಲ್ಮೈಗೆ ಬಳಿಯಿರಿ’ ಎಂದಿದೆ. ಒಳಚರಂಡಿಯಲ್ಲಿ ಒಣ ಮೇಲ್ಮೈ ಎಲ್ಲಿಂದ ಬರಬೇಕು? ಸಂಜೆ ಗೋಡೆಗೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಬೆಳಿಗ್ಗೆ ತೆಗೆದರೆ ಒಳಮೈಯಲ್ಲಿ ಹನಿಗಳು. ಬ್ಲೋವರ್ ಹಚ್ಚಿದೆವು, ಹ್ಯಾಲೊಜೆನ್ ದೀಪ ಇಟ್ಟೆವು. ಮೇಲೆ ಒಣಗಿದಂತೆ ಕಂಡರೂ ಕಾಂಕ್ರೀಟಿನ ಹೊಟ್ಟೆಯೊಳಗಿನ ನೀರು ಹೊರಬರುತ್ತಲೇ ಇತ್ತು. ‘ಇದು ಬೆವರುತ್ತಿದೆ ಸಾರ್, ಹಿಡಿಯುವುದಿಲ್ಲ’ ಎಂದು ಮೇಸ್ತ್ರಿ ಆಗಲೇ ಹೇಳಿದ್ದರು. ನಾನು ಕೇಳಲಿಲ್ಲ.

ಒಂದು ಮಳೆಗಾಲ ಕಳೆದ ಮೇಲೆ ನೋಡಿದರೆ ಗಾರೆ ಉಳಿದಿತ್ತು, ಎಪಾಕ್ಸಿ ಲೇಪನ ಹಪ್ಪಳದಂತೆ ಉಬ್ಬಿತ್ತು. ಗುಳ್ಳೆಯೊಂದನ್ನು ಚುಚ್ಚಿದಾಗ ಹಿಂದೆ ಅದೇ ಬಿಳಿ ಮುದ್ದೆ. ಸೂಜಿಮೊನೆಯಷ್ಟು ರಂಧ್ರವಿದ್ದರೂ ಆಮ್ಲ ಅದರ ಹಿಂದೆ ಸೇರಿ ಕಣ್ಣಿಗೆ ಬೀಳದೆ ತಿನ್ನುತ್ತದೆ.

ಗಾರೆಗೆ ತೇವವೇ ಬೇಕು. ಕೊಳೆತ ಪದರವನ್ನು ಜೆಟ್ಟಿಂಗ್‌ನಿಂದ (ರಭಸದ ನೀರಿನಿಂದ) ಗಟ್ಟಿ ಕಾಂಕ್ರೀಟು ಸಿಗುವವರೆಗೆ ತೊಳೆದು, ಒದ್ದೆ ಇರುವಾಗಲೇ ಮೆತ್ತಬೇಕು. ಆಮ್ಲ ಇದನ್ನೂ ತಿನ್ನುತ್ತದೆ, ಆದರೆ ನಿಧಾನವಾಗಿ. ಸಾಧಾರಣ ಸಿಮೆಂಟ್ ಬೆರೆತರೆ ಕ್ಷಣದಲ್ಲಿ ಗಡುಸಾಗುತ್ತದೆ, ಆದ್ದರಿಂದ ಬಾಣಲೆಯೂ ಬೇರೆಯೇ ಇರಲಿ. ಬೆಲೆ ಸಾಧಾರಣ ಸಿಮೆಂಟಿನ ಹಲವು ಪಟ್ಟು.

ಪಿವಿಸಿ ಹಾಳೆಯ ಒಳಹೊದಿಕೆ ಚೆನ್ನ, ಆದರೆ ಪೈಪು ಎರಕ ಹೊಯ್ಯುವಾಗಲೇ ಕೂರಿಸಬೇಕು. ಅನಿಲ ಮೇಲೇಳದಂತೆ ಕೊಳಚೆಗೆ ಮೆಗ್ನೀಸಿಯಮ್ ಹೈಡ್ರಾಕ್ಸೈಡ್ ಸುರಿಯುವುದು ತಿಂಗಳು ತಿಂಗಳ ಖರ್ಚು; ನನ್ನ ಗಿರಾಕಿಗಳು ಮೂರನೇ ತಿಂಗಳಿಗೆ ನಿಲ್ಲಿಸುತ್ತಾರೆ.

ನನ್ನ ಲೆಕ್ಕ ಚೀಲದ ಬೆಲೆಯದ್ದಲ್ಲ, ಒಳಗೆ ಇಳಿಯುವ ಸಲಗಳದ್ದು. ಪ್ರತಿ ಸಲವೂ ಅನಿಲ ಮಾಪಕ, ಬ್ಲೋವರ್, ಉಸಿರಾಟದ ಸಾಧನ, ಮೇಲೆ ಹಗ್ಗ ಹಿಡಿದ ಇಬ್ಬರು ಬೇಕು. ಇವಿಲ್ಲದೆ ನಾನು ಯಾರನ್ನೂ ಇಳಿಸುವುದಿಲ್ಲ. ಆ ಆರು ಪೈಪುಗಳ ಎಪಾಕ್ಸಿಯನ್ನು ಕೆರೆದು, ಸ್ವಂತ ದುಡ್ಡಿನಲ್ಲಿ ಗಾರೆ ಮೆತ್ತಿಸಿದೆ. ತಡವಾಗಿ ಬಂದ ಎಪಾಕ್ಸಿ ಡಬ್ಬಗಳು ಗೋದಾಮಿನಲ್ಲಿವೆ. ಒಣ ನೆಲವಿರುವವರು ಯಾರಾದರೂ ಒಯ್ಯಬಹುದು.